ಡಿಕ್ರಿ ಇಲ್ಲದ ವರ

ಈ ರಾದ್ಧಾಂತಕ್ಕೆಲ್ಲ ಕಾರಣ ಪುಟ್ಟಣ್ಣ ಟೈಲರ್ ಆಡಿದ ಒಂದು ಒಳ್ಳೆಯ ಮಾತು. ಕೆಟ್ಟ ಮಾತಾಗಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗುರುವಾರ ಸಂಜೆ ಆಲ್ಕೊಳದ ಕಡೆಯ ಹಿರಿಯರೊಬ್ಬರು ಶಿವಮೊಗ್ಗದ ದುರ್ಗಿಗುಡಿಗೆ ಬಂದು, ಪುಟ್ಟಣ್ಣನ ಅಂಗಡಿಯ ಬೆಂಚಿನ ಮೇಲೆ ಕೂತು, ಪಕ್ಕದ ಜೆರಾಕ್ಸ್ ಅಂಗಡಿಯ ರೇಣುಕಾಪ್ರಸಾದ ಹೇಗೆ ಎಂದು ವಿಚಾರಿಸಿದರು. ಪುಟ್ಟಣ್ಣ ಮಿಷನ್ ನಿಲ್ಲಿಸಿ, ಹುಡುಗ ಅಪ್ಪಟ ಚಿನ್ನ, ಕುಡಿಯೋದಿಲ್ಲ, ಸೇದೋದಿಲ್ಲ, ತಾಯಿಯನ್ನು ದೇವರ ಹಾಗೆ ನೋಡಿಕೊಳ್ಳುತ್ತಾನೆ ಎಂದು ಹೊಗಳಿದ. ಅಲ್ಲಿಗೇ ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಬಟ್ಟೆಯಾಗಲಿ ಮಾತಾಗಲಿ, ಮಗುಚಿ ಒಳಮಗ್ಗಲು ನೋಡದಿದ್ದರೆ ಪುಟ್ಟಣ್ಣನಿಗೆ ತೃಪ್ತಿಯಿಲ್ಲ.

"ಮೊದಲ್ನೇ ಹೆಂಡ್ತಿ ಜತೆ ಡೈವರ್ಸ್ ಆಗಿದೆ ಅಂತ ಅವನೇ ಹೇಳ್ತಾನೆ ಸ್ವಾಮಿ. ನಾವ್ಯಾರೂ ಕಾಗದ ನೋಡಿಲ್ಲ. ಆದ್ರೆ ಅವನು ಸುಳ್ಳು ಹೇಳೋನಲ್ಲ" ಎಂದು ಸೇರಿಸಿದ.

ಬಂದಿದ್ದವರು ಷಡಕ್ಷರಪ್ಪ. ಅಡಿಕೆ ಮಂಡಿಯಲ್ಲಿ ತಲೆ ನೆರೆಸಿಕೊಂಡವರು. ಮೂಟೆ ಬಿಚ್ಚಿ, ತೋಳಿನವರೆಗೆ ಕೈ ಇಳಿಸಿ, ತಳದ ಅಡಿಕೆ ಎತ್ತಿ ನೋಡದೆ ಜನ್ಮದಲ್ಲಿ ದರ ಹೇಳಿದವರಲ್ಲ. ಮಗಳು ಅಮೂಲ್ಯಳನ್ನು ರೇಣುಕಾಪ್ರಸಾದನಿಗೆ ಕೊಡುವುದೆಂದು ಮಾತಾಗಿ, ಶನಿವಾರಕ್ಕೆ ನಿಶ್ಚಿತಾರ್ಥವೂ ಗೊತ್ತಾಗಿತ್ತು. ಪುಟ್ಟಣ್ಣನ ಮಾತು ಕೇಳಿದ ಮೇಲೆ ಈ ಮೂಟೆಯ ತಳ ತಾನು ನೋಡಿಲ್ಲ ಎಂಬುದು ಅವರಿಗೆ ಹೊಳೆಯಿತು.

ಶುಕ್ರವಾರ ಬೆಳಿಗ್ಗೆ ರೇಣುಕಾಪ್ರಸಾದ ಅಂಗಡಿಯ ಶಟರ್ ಎತ್ತುತ್ತಿರುವಾಗಲೇ ಫೋನು ಬಂತು.

"ಪ್ರಸಾದ್ ಅವ್ರೆ, ನಿಮ್ಮ ಡೈವರ್ಸಿಂದು ಕೋರ್ಟಿನ ಡಿಕ್ರಿ ಒಂದ್ಸಲ ನೋಡ್ಬೇಕಿತ್ತು. ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆಗೆ ತನ್ನಿ. ಅದು ಕಣ್ಣಿಗೆ ಬಿದ್ರೆ ನಾಳೆ ಶಾಸ್ತ್ರ. ಇಲ್ಲಾಂದ್ರೆ ಅಡುಗೆಯವ್ರಿಗೆ ಬೇಡ ಅಂತ ಹೇಳಿಬಿಡ್ತೀನಿ."

"ಅದಕ್ಕೇನಂತೆ ಮಾವ, ಇಲ್ಲೇ ಇದೆ, ತರ್ತೀನಿ" ಎಂದ ರೇಣುಕಾಪ್ರಸಾದ. ಮಾವ ಎಂಬ ಮಾತು ಒಂದು ದಿನ ಮೊದಲೇ ಬಾಯಿಂದ ಜಾರಿತು. ಡಿಕ್ರಿ ಎಂದೋ ಜಾರಿಹೋಗಿತ್ತು, ಅದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಅವನ ಅಂಗಡಿಯ ಹೆಸರು ರೇಣುಕಾ ಜೆರಾಕ್ಸ್ ಮತ್ತು ಟೈಪಿಂಗ್. ರೇಣುಕಾಪ್ರಸಾದ ಲಾಯರ್ ಅಲ್ಲ, ಆದರೆ ಲಾಯರಿಗಿಂತ ಧೈರ್ಯ ಹೆಚ್ಚು. ಲಾಯರು ಪುಸ್ತಕ ನೋಡಿ ಹೇಳುತ್ತೇನೆ ಅನ್ನುತ್ತಾರೆ, ಇವನು ನೋಡದೆಯೇ ಹೇಳುತ್ತಿದ್ದ. ಯಾರೇ ತಕರಾರು ಹೊತ್ತು ಬಂದರೂ ಅವನದು ಒಂದೇ ಔಷಧಿ: "ಕೋರ್ಟು ಕಚೇರಿ ಯಾಕೆ ಸುಮ್ನೆ? ಒಂದು ಸ್ಟ್ಯಾಂಪ್ ಪೇಪರ್ ತನ್ನಿ, ಟೈಪ್ ಮಾಡಿ ಕೊಡ್ತೀನಿ, ನೋಟರಿ ಮಾಡಿಸಿ. ಆಮೇಲೆ ಬ್ರಹ್ಮ ಬಂದ್ರೂ ಅಲ್ಲಾಡಿಸೋಕಾಗಲ್ಲ." ಅವನ ಕಂಪ್ಯೂಟರಿನಲ್ಲಿ ಯಾರೋ ಹಿಂದೆ ಬರೆದುಕೊಟ್ಟ ಮನೆ ಬಾಡಿಗೆ ಕರಾರು ಒಂದಿತ್ತು. ಅಣ್ಣತಮ್ಮಂದಿರ ಹಿಸ್ಸೆ, ಹಳೇ ಬೈಕಿನ ಮಾರಾಟ, ಅಂಗಡಿ ಪಾಲುದಾರಿಕೆ, ಎಲ್ಲ ಪತ್ರಗಳಿಗೂ ಅದೇ ತಾಯಿ. ಹೆಸರು ಬದಲಾಯಿಸಿ, ಅಲ್ಲಲ್ಲಿ ಎರಡು ಸಾಲು ತಿದ್ದಿದರೆ ಕೂಸು ಸಿದ್ಧ.

ಇನ್ನೂ ಎರಡು ಅಭ್ಯಾಸಗಳಿದ್ದವು. ಅಂಗಡಿಯಿಂದ ಹೊರಡುವ ಪ್ರತಿ ಕಾಗದದ ಬೆನ್ನಿಗೆ ನೇರಳೆ ಬಣ್ಣದಲ್ಲಿ ಅಂಗಡಿಯ ಮೊಹರು ಒತ್ತುವುದು ಒಂದು. ಯಾರೂ ಕೇಳದಿದ್ದರೂ ಒತ್ತುತ್ತಿದ್ದ. ಖರ್ಚಿಲ್ಲದ ಜಾಹೀರಾತು ಎಂದು ಅವನ ಲೆಕ್ಕ. ಎರಡನೆಯದು, ಹಿಂಬದಿ ಖಾಲಿಯಿರುವ ಯಾವ ಹಾಳೆಯೂ ಅವನ ಕಣ್ಣಿಗೆ ಹೊಸ ಹಾಳೆಯೇ.

ಈ ಎರಡನೆಯ ಅಭ್ಯಾಸವೇ ಡಿಕ್ರಿಯನ್ನು ನುಂಗಿದ್ದು. ಅಂಗಡಿಯ ಕಪಾಟು ಜಾಲಾಡಿ, ಮನೆಗೆ ಓಡಿ ಟ್ರಂಕು ಜಾಲಾಡಿ, ಬೆವರು ಒರೆಸಿಕೊಳ್ಳುತ್ತಿದ್ದಾಗ ತಾಯಿ ದಾಕ್ಷಾಯಣಮ್ಮ ಒಲೆಯ ಮುಂದಿನಿಂದಲೇ ಹೇಳಿದರು.

"ಆ ಹಸಿರು ಫೈಲಾ? ಅದರಲ್ಲಿದ್ದ ಹಾಳೆನೆಲ್ಲ ನೀನೇ ಅಂಗಡಿಗೆ ಎತ್ಕೊಂಡು ಹೋದೆಯಲ್ಲಪ್ಪ, ಪೇಪರ್ ಮುಗಿದಿದೆ ಅಂತ."

ರೇಣುಕಾಪ್ರಸಾದನಿಗೆ ನೆನಪಾಯಿತು. ಅವನ ದಾಂಪತ್ಯದ ಅಂತ್ಯದ ಹಿಂಬದಿಯಲ್ಲಿ ಯಾರದೋ ಪಹಣಿಯೋ ಹಾಲ್ ಟಿಕೆಟ್ಟೋ ಅಚ್ಚಾಗಿ, ಈಗ ಜಿಲ್ಲೆಯ ಯಾವ ಮೂಲೆಯಲ್ಲಿ ಇದೆಯೋ. ಊರಿನವರ ಕಾಗದಗಳಿಗೆಲ್ಲ ನಕಲು ತೆಗೆದುಕೊಟ್ಟವನ ಬಳಿ ತನ್ನ ಡಿಕ್ರಿಯ ನಕಲು ಒಂದೂ ಇರಲಿಲ್ಲ.

ಬೇರೆ ಸಂಬಂಧವಾಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದನೋ ಏನೋ. ಅಮೂಲ್ಯಳ ವಿಷಯದಲ್ಲಿ ಹಾಗೆ ಅನ್ನಲು ಅವನಿಂದಾಗದು. ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ನೋಡಲು ಹೋದ ದಿನ ಅವನು ಹೇಳಿದ ಹಳಸಲು ಹಾಸ್ಯಕ್ಕೆ ಅವಳು ತಟ್ಟೆ ಕೆಳಗಿಟ್ಟು ನಕ್ಕಿದ್ದಳು. ವರ್ಷಗಟ್ಟಲೆ ಟೀವಿಯ ವಾರ್ತೆ ನೋಡುತ್ತ ಊಟ ಮಾಡಿದವನಿಗೆ ಆ ನಗು ಕಿವಿಯಲ್ಲೇ ಉಳಿದುಬಿಟ್ಟಿತ್ತು. ಅವಳದೂ ಎರಡನೆಯ ಸಂಬಂಧವೇ. ತರೀಕೆರೆಗೆ ಕೊಟ್ಟಿದ್ದರಂತೆ, ಹೊಂದಾಣಿಕೆ ಆಗಲಿಲ್ಲವಂತೆ, ಹಿರಿಯರು ಕೂತು ಬಗೆಹರಿಸಿದರಂತೆ. ಅಷ್ಟು ಕೇಳಿ, ಹಳೆಯದನ್ನು ಕೆದಕುವವನು ತಾನಲ್ಲ ಎಂದು ದೊಡ್ಡ ಮನಸ್ಸು ಮಾಡಿ ರೇಣುಕಾಪ್ರಸಾದ ಸುಮ್ಮನಾಗಿದ್ದ.

ಅಂಗಡಿಗೆ ಮರಳಿದಾಗ ಪುಟ್ಟಣ್ಣ ಕತ್ತಿನಲ್ಲಿ ಟೇಪು ಹಾಕಿಕೊಂಡು ಕಾಯುತ್ತಿದ್ದ. ವಿಷಯ ಕೇಳಿ, ತನ್ನ ಮಾತಿನಿಂದಲೇ ಇದಾಯಿತೆಂದು ಮನಸಾರೆ ನೊಂದುಕೊಂಡ. ಪ್ರಾಯಶ್ಚಿತ್ತವಾಗಿ ತಾನೂ ಜೊತೆಗೆ ಬರುತ್ತೇನೆಂದು ಅಂಗಡಿ ಮುಚ್ಚಿದ. ರೇಣುಕಾಪ್ರಸಾದ ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಸಾಕ್ಷಿಗೆ ಒಬ್ಬರು ಬೇಕಾಗುತ್ತೆ ಮಾರಾಯ" ಎಂದು ಸ್ಕೂಟರಿನ ಹಿಂದೆ ಹತ್ತಿಯೇಬಿಟ್ಟ.

ಮೊದಲು ಹೋಗಿದ್ದು ಪುಟ್ಟಣ್ಣನ ಸಲಹೆಯಂತೆ ಮದುವೆ ನೋಂದಣಿಯಾದ ಕಚೇರಿಗೆ. ಮದುವೆ ಎಲ್ಲಿ ಬರೆದರೋ ಅಲ್ಲೇ ಹೊಡೆದುಹಾಕಿರುತ್ತಾರೆ ಎಂಬುದು ಅವನ ತರ್ಕ. ಅಲ್ಲಿಯವರು ನಕ್ಕು, ನಾವು ಕಟ್ಟುವುದಷ್ಟೇ, ಬಿಚ್ಚುವುದು ಕೋರ್ಟು ಎಂದು ಕಳಿಸಿದರು.

ಎರಡನೆಯದು ರೇಣುಕಾಪ್ರಸಾದನ ಸ್ವಂತ ಬುದ್ಧಿ. ಅವನ ಕೇಸು ನಡೆದದ್ದು ಭದ್ರಾವತಿಯಲ್ಲಿ, ಏಕೆಂದರೆ ಮೊದಲ ಹೆಂಡತಿ ಶೀತಲ್ ಆ ಊರಿನವಳು. ಆದರೆ ಭದ್ರಾವತಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ತಾಲ್ಲೂಕಿನ ಹಳೇ ಕಾಗದವೆಲ್ಲ ಕೊನೆಗೆ ಜಿಲ್ಲೆಗೆ ಬಂದು ಬೀಳಲೇಬೇಕು ಎಂದು ಅವನು ಸಾರಿದ. ಆ ಮಾತನ್ನು ಶಿವಮೊಗ್ಗದ ಕೋರ್ಟಿನಲ್ಲೂ ಅಷ್ಟೇ ಗಟ್ಟಿಯಾಗಿ ಹೇಳಿದ. ಮಾಹಿತಿ ಕೌಂಟರಿನಲ್ಲಿದ್ದವರು ತಾಳ್ಮೆಯಿಂದ ಕೇಳಿ, ಯಾವ ಕೋರ್ಟು ತೀರ್ಪು ಕೊಟ್ಟಿತೋ ಆ ಕೋರ್ಟಿನಲ್ಲೇ ನಕಲಿಗೆ ಅರ್ಜಿ ಹಾಕಬೇಕು, ಕೇಸಿನ ನಂಬರು ಮತ್ತು ತೀರ್ಪಿನ ತಾರೀಖು ತೆಗೆದುಕೊಂಡು ಹೋಗಿ ಎಂದರು. ನಂಬರು ಯಾಕೆ, ಮುಖ ನೋಡಿದರೆ ಗುರುತು ಹಿಡಿಯುತ್ತಾರೆ ಎಂದು ರೇಣುಕಾಪ್ರಸಾದ ಸ್ಕೂಟರ್ ತಿರುಗಿಸಿದ.

ಮಾಚೇನಹಳ್ಳಿ ದಾಟುವಷ್ಟರಲ್ಲಿ ಹಿಂದಿನ ಚಕ್ರ ಕೂತಿತು. ಸ್ಕೂಟರನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು. ಬಸ್ಸಿನಲ್ಲಿ ಪುಟ್ಟಣ್ಣ ಪಕ್ಕದವರಿಗೆ, ಮುಂದಿನವರಿಗೆ, ಕಂಡಕ್ಟರಿಗೆ ಸಂಗತಿ ವಿವರಿಸಿದ. ಇಳಿಯುವಾಗ ಯಾರೋ ಹಿಂದಿನಿಂದ, ಒಳ್ಳೇದಾಗ್ಲಿ ಅಣ್ಣ ಎಂದು ಹರಸಿದರು.

ಭದ್ರಾವತಿ ಕೋರ್ಟಿನ ಆವರಣಕ್ಕೆ ಕಾಲಿಟ್ಟಾಗಲೂ ಇದೇ ಕತೆ. ಡೈವರ್ಸ್ ವಿಷಯ ಎಲ್ಲಿ ವಿಚಾರಿಸಬೇಕು ಎಂದು ಪುಟ್ಟಣ್ಣ ಗಟ್ಟಿಯಾಗಿ ಕೇಳಿದ್ದೇ ತಪ್ಪಾಯಿತು. ಜಮೀನಿನ ಕೇಸಿಗೆ ಬಂದು ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ರೇಣುಕಾಪ್ರಸಾದನ ಕೈ ಹಿಡಿದು ಕೂರಿಸಿಕೊಂಡು, ಹೆಂಡತಿ ಎಂದರೆ ಉಪ್ಪಿದ್ದ ಹಾಗೆ, ಸಿಟ್ಟಿನಲ್ಲಿ ಬಿಟ್ಟರೆ ಆಮೇಲೆ ಎಲ್ಲ ಸಪ್ಪೆ ಎಂದು ಬುದ್ಧಿ ಹೇಳತೊಡಗಿದಳು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಮ್ಮ ತಂಗಿಯ ಸಂಸಾರ ಹೇಗೆ ಸರಿಹೋಯಿತೆಂದು ಶುರುಮಾಡಿದರು. ತಾನು ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಬೇಕಿರುವುದು ಇನ್ನೊಬ್ಬಳು ಎಂದು ರೇಣುಕಾಪ್ರಸಾದ ವಿವರಿಸಿದ. ಅಜ್ಜಿ ಕೈ ಬಿಟ್ಟು ದೂರ ಸರಿದು ಕೂತಳು.

ನಕಲು ವಿಭಾಗದ ಹೆಂಗಸು ಮಾತ್ರ ಬುದ್ಧಿ ಹೇಳಲಿಲ್ಲ. ನಂಬರು ಕೇಳಿದರು. ಗೊತ್ತಿಲ್ಲ ಎಂದಾಗ, ಹೋಗಲಿ, ವರ್ಷ ಹೇಳಿ, ಹೆಸರು ಹಾಕಿ ಹುಡುಕುತ್ತೇನೆ ಎಂದರು. ಎರಡನೆಯ ಜೆರಾಕ್ಸ್ ಮಿಷನ್ ಕೊಂಡ ವರ್ಷ ಎಂದು ಲೆಕ್ಕ ಹಾಕಿ ಒಂದು ವರ್ಷ ಹೇಳಿದ. ಇರಲಿಲ್ಲ. ಹಾಗಾದರೆ ಅದರ ಮುಂದಿನದು ಎಂದ. ಅದೂ ಇರಲಿಲ್ಲ. ಮೂರನೆಯ ವರ್ಷವನ್ನೂ ಅದೇ ಭರವಸೆಯಿಂದ ಹೇಳಿದಾಗ ಹೆಂಗಸು ಕೀಲಿಮಣೆಯಿಂದ ಕೈ ತೆಗೆದರು.

"ನಿಮ್ಮ ಡೈವರ್ಸ್ ಯಾವ ವರ್ಷ ಆಗಿದ್ದು ಅಂತ ನಿಮಗೇ ಗೊತ್ತಿಲ್ವಾ ಸಾರ್? ಆ ಕಡೆ ಪಾರ್ಟಿನ ಕೇಳಿ. ಹೆಂಗಸರಿಗೆ ನೆನಪಿರುತ್ತೆ."

ನಂಬರು ಸಿಕ್ಕಿದರೂ ಕಡತ ರೆಕಾರ್ಡ್ ರೂಮಿನಿಂದ ಬರಬೇಕು, ನಕಲಾಗಬೇಕು, ಸಹಿಯಾಗಬೇಕು, ತುರ್ತು ಅಂತ ಬರೆದರೂ ಮುಂದಿನ ವಾರವೇ ಎಂದೂ ಅವರು ಹೇಳಿದರು. ಮುಂದಿನ ವಾರ ಎಂಬ ಮಾತಿಗೆ ರೇಣುಕಾಪ್ರಸಾದನ ಧೈರ್ಯ ಮೊದಲ ಸಲ ಅಲುಗಾಡಿತು. ಅಡುಗೆಯವರಿಗೆ ಬೇಡ ಎಂದು ಹೇಳುವ ಷಡಕ್ಷರಪ್ಪನವರ ದನಿ ಕಿವಿಯಲ್ಲಿ ಕೇಳಿಸಿತು. ಇನ್ನು ಒಂದೇ ದಾರಿ ಉಳಿದಿತ್ತು. ಡಿಕ್ರಿಯ ಎರಡು ಪ್ರತಿಗಳಲ್ಲಿ ಒಂದು ಪಹಣಿಯಾಗಿದ್ದರೆ ಇನ್ನೊಂದು ಶೀತಲ್ ಹತ್ತಿರ ಇರಲೇಬೇಕು. ಕಾಗದ ಹುಡುಕಿಕೊಂಡು ಅವನು ಕಾಗದನಗರದ ಆಟೋ ಹತ್ತಿದ.

ಶೀತಲ್ ಈಗ ವೀರೇಂದ್ರ ಎಂಬುವವನನ್ನು ಮದುವೆಯಾಗಿ ಕಾಗದನಗರದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಳು. ಕೆಟ್ಟವಳಲ್ಲ. ರೇಣುಕಾಪ್ರಸಾದನೂ ಕೆಟ್ಟವನಾಗಿರಲಿಲ್ಲ. ಜಗಳವಾದಾಗಲೆಲ್ಲ ಅವನು ಅಂಗಡಿಗೆ ಹೋಗಿ ಒಂದು ಕರಾರು ಟೈಪ್ ಮಾಡಿ ತರುತ್ತಿದ್ದ, ಅಷ್ಟೇ. ಪಾತ್ರೆ ಯಾರು ತೊಳೆಯಬೇಕು, ಫ್ಯಾನು ಯಾವ ನಂಬರಿನಲ್ಲಿ ತಿರುಗಬೇಕು, ಎಲ್ಲಕ್ಕೂ ಷರತ್ತು, ಕೆಳಗೆ ಉಭಯ ಪಕ್ಷಗಳ ಸಹಿ. ಕೊನೆಗೆ ಬೇರೆಯಾಗುವಾಗಲೂ ಒಂದು ಸ್ಟ್ಯಾಂಪ್ ಪೇಪರಿನಲ್ಲಿ ಮುಗಿಸೋಣ ಎಂದಿದ್ದ. ನಿಮ್ಮ ಸ್ಟ್ಯಾಂಪ್ ಪೇಪರ್ ಮೇಲೆ ನನ್ನ ಜೀವನ ಬಿಟ್ಟುಕೊಡಲ್ಲ ಎಂದು ಕೋರ್ಟಿಗೆ ಎಳೆದವಳು ಅವಳೇ.

ಬಾಗಿಲು ತೆಗೆದವನು ವೀರೇಂದ್ರ. ಬೈಕ್ ಶೋರೂಮಿನ ಮ್ಯಾನೇಜರು, ಊಟಕ್ಕೆ ಮನೆಗೆ ಬಂದಿದ್ದ. ಹೆಂಡತಿಯ ಹಳೆಯ ಗಂಡನನ್ನು ಬಾಗಿಲಲ್ಲಿ ಕಂಡು ಒಂದು ಗಳಿಗೆ ತಬ್ಬಿಬ್ಬಾದ, ಆಮೇಲೆ ಮಲೆನಾಡಿನ ಮರ್ಯಾದೆ ಅವನನ್ನು ಗೆದ್ದಿತು. ಒಳಗೆ ಕರೆದು ಕೂರಿಸಿ, ಊಟ ಮಾಡದೆ ಕಳಿಸುವುದಿಲ್ಲ ಎಂದು ಹಠ ಹಿಡಿದ. ಪುಟ್ಟಣ್ಣ ಆಗಲೇ ಕೈ ತೊಳೆದುಕೊಂಡಿದ್ದ.

ಶೀತಲ್ ಸಾರು ಬಡಿಸುತ್ತ ಕತೆಯನ್ನೆಲ್ಲ ಕೇಳಿದಳು. ಎದ್ದು ಹೋಗಿ ಲ್ಯಾಮಿನೇಷನ್ ಮಾಡಿಸಿದ ಡಿಕ್ರಿ ತಂದು, ಅವನ ಕೈಗೆ ಎಟುಕದ ದೂರದಲ್ಲಿ ಹಿಡಿದು ತೋರಿಸಿದಳು.

"ಇದೆ. ಆದ್ರೆ ಕೊಡಲ್ಲ. ನಿಮ್ಮ ಕೈಗೆ ಕೊಟ್ರೆ ನಾಳೆ ಇದರ ಹಿಂದೆ ಯಾರದೋ ಪಹಣಿ ಬಂದಿರುತ್ತೆ."

ಪಹಣಿಯ ವಿಷಯ ಅವಳಿಗೆ ಯಾರು ಹೇಳಿದರೆಂದು ರೇಣುಕಾಪ್ರಸಾದ ಪುಟ್ಟಣ್ಣನ ಕಡೆ ನೋಡಿದ. ಪುಟ್ಟಣ್ಣ ಅನ್ನದಲ್ಲಿ ಮುಖ ಹುದುಗಿಸಿದ್ದ.

ಹಾಗಾದರೆ ಜೆರಾಕ್ಸ್ ಆದರೂ ಮಾಡಿಕೊಳ್ಳುತ್ತೇನೆ ಎಂದು ಬೇಡಿದ. ಷಡಕ್ಷರಪ್ಪನವರನ್ನು ಕೇಳಿ ನೋಡಿ ಎಂದಳು ಶೀತಲ್. ಫೋನಿನಲ್ಲಿ ಅವರ ಉತ್ತರ ಎಲ್ಲರಿಗೂ ಕೇಳಿಸಿತು.

"ಜೆರಾಕ್ಸ್ ಅಂಗಡಿಯವರೇ ಜೆರಾಕ್ಸ್ ತಂದ್ರೆ ನಾನು ಹೆಂಗೆ ನಂಬೋದು ಪ್ರಸಾದ್ ಅವ್ರೆ? ಕೋರ್ಟಿನ ಮೊಹರು ಕೈಗೆ ಹತ್ತಬೇಕು."

ರೇಣುಕಾಪ್ರಸಾದ ತಟ್ಟೆ ಬಿಟ್ಟು ಕೂತ. ಆ ನಗುವ ಹುಡುಗಿ, ನಾಳೆಯ ಶಾಸ್ತ್ರ, ಎಲ್ಲ ಕೈತಪ್ಪುತ್ತಿದೆ ಎಂದು ನಿಜವಾಗಿ ಹೆದರಿಕೆಯಾಯಿತು. ಅವನ ಮುಖ ನೋಡಿ ಶೀತಲ್‌ಗೆ ಏನನ್ನಿಸಿತೋ, ಗಂಡನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ವೀರೇಂದ್ರ ಕಾರಿನ ಕೀ ಎತ್ತಿಕೊಂಡು, ನಾವೇ ಹೋಗಿ ತೋರಿಸಿ ವಾಪಸ್ಸು ತಂದರಾಯಿತು, ಮದುವೆಯ ಕೆಲಸಕ್ಕೆ ಅಡ್ಡಿ ಮಾಡಬಾರದು ಎಂದ.

ಊರು ಬಿಡುವ ಮೊದಲು ಶೀತಲ್ ಕಾರನ್ನು ಕೋರ್ಟಿನ ಕಡೆಗೇ ತಿರುಗಿಸಲು ಹೇಳಿದಳು. ಅರ್ಜಿ ಹಾಕದೆ ಹೊರಟರೆ ಮುಂದಿನ ಸಲವೂ ನನ್ನ ಬಾಗಿಲಿಗೇ ಬರುತ್ತೀರಿ ಎಂದು ಬೈದು, ತಾನೇ ನಂಬರು, ತಾರೀಖು ಹೇಳಿ, ಅವನ ಕೈಯಲ್ಲಿ ಅರ್ಜಿ ಬರೆಸಿ, ಸ್ಟ್ಯಾಂಪು ಹಚ್ಚಿಸಿ ಒಳಗೆ ಕೊಡಿಸಿದಳು. ನಕಲು ವಿಭಾಗದ ಹೆಂಗಸು, ನಾನು ಹೇಳಿರಲಿಲ್ಲವಾ ಎಂಬಂತೆ ನಕ್ಕರು. ಜಗಲಿಯ ಅಜ್ಜಿ ಮಾತ್ರ, ಗಂಡ ಹೆಂಡತಿ ಒಂದಾದರೆಂದು ತಿಳಿದು, ದೂರದಿಂದಲೇ ನಟಿಕೆ ಮುರಿದು ದೃಷ್ಟಿ ತೆಗೆದಳು.

ಅಜ್ಜಿಯಷ್ಟೇ ಅಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ನೆಂಟರು ಕಾರಿನೊಳಗೆ ಶೀತಲ್ ಜೊತೆ ರೇಣುಕಾಪ್ರಸಾದನನ್ನು ಕಂಡು ಶಿವಮೊಗ್ಗಕ್ಕೆ ಸುದ್ದಿ ಮುಟ್ಟಿಸಿದರು. ಕಾರು ಊರು ದಾಟುವ ಮೊದಲೇ ದಾಕ್ಷಾಯಣಮ್ಮನ ಫೋನು ಬಂತು. ನಾಳೆ ನಿಶ್ಚಿತಾರ್ಥ ಇಟ್ಟುಕೊಂಡು ಮತ್ತೆ ಅವಳ ಜೊತೆ ಹೊರಟೆಯಾ ಎಂದು ಅವರು ಅಳುದನಿಯಲ್ಲಿ ಕೇಳುತ್ತಿದ್ದಾಗ ವೀರೇಂದ್ರ ಫೋನು ಈಸಿಕೊಂಡು, "ಅಮ್ಮ, ನಾನು ಶೀತಲ್ ಯಜಮಾನ್ರು ಮಾತಾಡ್ತಿರೋದು. ನೀವೇನೂ ಚಿಂತೆ ಮಾಡ್ಬೇಡಿ, ನಾನೂ ಜತೆಗಿದ್ದೀನಿ" ಎಂದು ಸಮಾಧಾನ ಹೇಳಿದ. ಆ ಕಡೆ ದಾಕ್ಷಾಯಣಮ್ಮ ಫೋನು ಇಟ್ಟು ದೇವರ ಮನೆಗೆ ಹೋದರಂತೆ.

ಆಲ್ಕೊಳದ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. ವರನ ಜೊತೆ ವರನ ಮೊದಲ ಹೆಂಡತಿ, ಅವಳ ಗಂಡ ಮತ್ತು ಒಬ್ಬ ಟೈಲರು ಇಳಿದದ್ದನ್ನು ನೋಡಿ ಷಡಕ್ಷರಪ್ಪ ಬಾಗಿಲಲ್ಲೇ ನಿಂತರು. ಕಾರಣ ತಿಳಿದ ಮೇಲೆ ಮಾತ್ರ ಅವರ ಮುಖ ಅರಳಿತು. ಮೂಟೆ ಬೇಡವೆಂದು ಬಿಟ್ಟುಹೋದವನೇ ಬಂದು ಅಡಿಕೆ ಒಳ್ಳೆಯದು ಎಂದ ಹಾಗಾಯಿತಲ್ಲ ಎಂದು ಎಲ್ಲರನ್ನೂ ಒಳಗೆ ಕೂರಿಸಿದರು. ಕನ್ನಡಕ ಹಾಕಿಕೊಂಡು ಡಿಕ್ರಿಯ ಒಂದೊಂದು ಪುಟವನ್ನೂ ಓದಿದರು. ಲ್ಯಾಮಿನೇಷನ್ ಮೇಲಿಂದಲೇ ಕೋರ್ಟಿನ ಮೊಹರನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ಒಳಕ್ಕೆ ಕೂಗಿ ಕಾಫಿ ತರಲು ಹೇಳಿದರು.

ಕಾಫಿ ತಂದವಳು ಅಮೂಲ್ಯ. ತಟ್ಟೆ ಹಿಡಿದುಕೊಂಡೇ ರೇಣುಕಾಪ್ರಸಾದನ ಕಡೆ ನೋಡಿ, ಇಷ್ಟು ಓಡಾಡಿದಿರಾ ಎಂಬಂತೆ ನಕ್ಕಳು. ಅವನಿಗೆ ಬಿಸಿಲು, ಬಸ್ಸು, ಪಂಕ್ಚರು ಎಲ್ಲ ಮರೆತುಹೋಯಿತು. ಗೆದ್ದೆ ಅನ್ನಿಸಿತು. ಕಾಲ ಮೇಲೆ ಕಾಲು ಹಾಕಿ, ಕೋರ್ಟಿನ ನಕಲು ತೆಗೆಸುವುದು ಹೇಗೆಂದು ತಾನೇ ವೀರೇಂದ್ರನಿಗೆ ವಿವರಿಸತೊಡಗಿದ.

ಆಗ ಶೀತಲ್, ಮಾತಿಗೊಂದು ಮಾತು ಎಂಬಂತೆ, ಅಮೂಲ್ಯಳನ್ನು ಕೇಳಿದಳು. "ನಿಮ್ಮ ಕೇಸು ಯಾವ ಕೋರ್ಟಲ್ಲಿ ಆಗಿದ್ದು? ತರೀಕೆರೆನಾ?"

"ನಮ್ಮದು ಕೋರ್ಟಿಗೆಲ್ಲ ಹೋಗ್ಲಿಲ್ಲ ಅಕ್ಕ" ಎಂದಳು ಅಮೂಲ್ಯ. ಮಗಳ ಮಾತನ್ನು ಷಡಕ್ಷರಪ್ಪ ಹೆಮ್ಮೆಯಿಂದ ಮುಂದುವರಿಸಿದರು. ಕೋರ್ಟು ಅಲೆದರೆ ಮರ್ಯಾದೆ ಹೋಗುತ್ತದೆಂದು ಅವಳ ಸೋದರಮಾವ ಜಯಪ್ಪ ಯಾರೋ ತಿಳಿದವರನ್ನು ವಿಚಾರಿಸಿದನಂತೆ. ಅಂಥದ್ದಕ್ಕೆಲ್ಲ ಕೋರ್ಟು ಬೇಡ ಎಂದು ಅವರೇ ಹೇಳಿದರಂತೆ. ಎರಡೂ ಕಡೆ ಹಿರಿಯರು ಕೂತು, ಸ್ಟ್ಯಾಂಪ್ ಪೇಪರಿನ ಮೇಲೆ ಬಿಡುಗಡೆ ಪತ್ರ ಮಾಡಿಸಿ, ನೋಟರಿ ಹಾಕಿಸಿ ಮುಗಿಸಿದ್ದರಂತೆ. ಕಾಗದ ಬೇಕಾದರೆ ನೋಡಿ ಎಂದು ಒಳಗಿನಿಂದ ಒಂದು ಕವರು ತಂದು ಶೀತಲ್ ಕೈಗೇ ಕೊಟ್ಟರು.

ಶೀತಲ್ ಮೊದಲ ಸಾಲಿನಿಂದ ಓದಿಕೊಂಡು ಬಂದಳು. ಅರ್ಧಕ್ಕೆ ಬಂದಾಗ ನಗು ತಡೆಯಲು ತುಟಿ ಕಚ್ಚಿದಳು. ಆಮೇಲೆ ಗಟ್ಟಿಯಾಗಿ ಓದಿದಳು.

"ಸದರಿ ಹೆಂಡತಿಯನ್ನು ಬಿಟ್ಟುಕೊಡುವ ಕಾಲಕ್ಕೆ ಸುಣ್ಣ ಬಣ್ಣ ಬಳಿಸಿ, ಗೋಡೆಗೆ ಮೊಳೆ ಹೊಡೆದಿದ್ದಲ್ಲಿ ಮುಚ್ಚಿಸಿ, ಒಂದನೇ ಪಾರ್ಟಿಯವರಿಗೆ ಕೀಲಿಕೈ ಹಿಂದಿರುಗಿಸತಕ್ಕದ್ದು."

ರೇಣುಕಾಪ್ರಸಾದ ಕಾಲ ಮೇಲಿನ ಕಾಲನ್ನು ಮೆಲ್ಲಗೆ ಇಳಿಸಿದ. ಆ ಸಾಲುಗಳು ಅವನಿಗೆ ಸ್ವಂತ ಹೆಸರಿನಷ್ಟೇ ಪರಿಚಿತವಾಗಿದ್ದವು.

ಶೀತಲ್ ಕಾಗದ ಮಡಿಸಿ, ಅಮೂಲ್ಯಳ ಕೈ ಹಿಡಿದುಕೊಂಡು, ಈ ಸಲ ನಗದೆ ಹೇಳಿದಳು. ಇಂಥ ಪತ್ರದಿಂದ ಮದುವೆ ಮುಗಿಯುವುದಿಲ್ಲ, ಅದಕ್ಕೆ ಕೋರ್ಟಿನ ಡಿಕ್ರಿಯೇ ಬೇಕು. ಕಾನೂನಿನ ಲೆಕ್ಕದಲ್ಲಿ ನಿಮಗಿನ್ನೂ ಗಂಡ ಇದ್ದಾರೆ. ನಾಳೆಯ ಶಾಸ್ತ್ರ ಮುಂದುವರಿದು ಮದುವೆಯಾದರೆ ಅಪರಾಧವಾಗುತ್ತದೆ.

ಅಮೂಲ್ಯ ಕಾಫಿ ತಟ್ಟೆ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಳು. "ಇಷ್ಟು ವರ್ಷ ಬಿಡುಗಡೆ ಆಯ್ತು ಅಂದ್ಕೊಂಡೇ ಬದುಕಿದೀನಿ" ಎಂದಳು. ರೇಣುಕಾಪ್ರಸಾದ ಜೀವಮಾನದಲ್ಲಿ ತಾನು ಟೈಪ್ ಮಾಡಿದ ಯಾವ ಸಾಲಿಗೂ ಅಷ್ಟು ನಾಚಿಕೆಪಟ್ಟಿರಲಿಲ್ಲ.

ಷಡಕ್ಷರಪ್ಪನವರ ಮುಖ ಕೆಂಪಾಗಿತ್ತು. ಊರಿನವರ ಮೂಟೆಯನ್ನೆಲ್ಲ ಬಿಚ್ಚಿ ನೋಡಿದವರು ತಮ್ಮ ಮನೆಯ ಕವರನ್ನೇ ಬಿಚ್ಚಿ ಓದಿರಲಿಲ್ಲ. "ಯಾವ ಕತ್ತೆ ಇದನ್ನ ಟೈಪ್ ಮಾಡಿದ್ದು?" ಎಂದರು.

ಯಾರೂ ಕಾಗದ ಮಗುಚಿ ನೋಡದಿದ್ದರೆ ಸಾಕು ಎಂದು ರೇಣುಕಾಪ್ರಸಾದ ಮನೆದೇವರಿಗೆ ಹರಕೆ ಹೊತ್ತ. ಹರಕೆ ಮುಗಿಯುವಷ್ಟರಲ್ಲಿ ಪುಟ್ಟಣ್ಣನ ಕೈ ಕಾಗದದ ಮೇಲಿತ್ತು. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಒಳಮಗ್ಗಲು ನೋಡುವುದು ಅವನ ಕಸುಬು. ಮಗುಚಿದ, ಬೆಳಕಿಗೆ ಹಿಡಿದ, ಅಲ್ಲಿದ್ದ ನೇರಳೆ ಮೊಹರನ್ನು ಪಾಠ ಒಪ್ಪಿಸುವ ಹಾಗೆ ಓದಿದ.

"ರೇಣುಕಾ ಜೆರಾಕ್ಸ್ ಮತ್ತು ಟೈಪಿಂಗ್, ದುರ್ಗಿಗುಡಿ. ಎಲ್ಲಾ ತರಹದ ಕಾಗದ ಪತ್ರಗಳಿಗೆ ನಂಬಿಕಸ್ಥರು." ಓದಿ ಮುಗಿಸಿದ ಮೇಲೆ, ಓದಿದ್ದು ಏನೆಂದು ಅವನಿಗೆ ಅರ್ಥವಾಯಿತು. ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಆದ್ರೆ ಹುಡುಗ ಸುಳ್ಳು ಹೇಳೋನಲ್ಲ ಸ್ವಾಮಿ" ಎಂದ.

ಶೀತಲ್ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಕಾರಿನ ಹತ್ತಿರದಿಂದ ಅವಳ ನಗು ಬಹಳ ಹೊತ್ತು ಕೇಳಿಸುತ್ತಿತ್ತು. ವೀರೇಂದ್ರ ಕಾಫಿ ಲೋಟದ ತಳದಲ್ಲಿ ಏನನ್ನೋ ಹುಡುಕುತ್ತಿದ್ದ. ರೇಣುಕಾಪ್ರಸಾದ ಎದ್ದು ನಿಂತು, ಏನೂ ಯೋಚನೆ ಮಾಡಬೇಡಿ ಮಾವ, ಇದನ್ನು ಸರಿಪಡಿಸಲು ಒಂದು ಸ್ಟ್ಯಾಂಪ್ ಪೇಪರ್ ಎಂದು ಅಭ್ಯಾಸಬಲದಿಂದ ಶುರುಮಾಡಿ, ಅಮೂಲ್ಯಳ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದ.

ಷಡಕ್ಷರಪ್ಪ ಅವನನ್ನು ಆಚೆಗೆ ಅಟ್ಟಲಿಲ್ಲ. ಅಟ್ಟಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆಳಗಿನಿಂದ ಇದ್ದ ಬಹುವಚನ ಮಾತ್ರ ಅವರ ಬಾಯಲ್ಲಿ ಮಾಯವಾಗಿತ್ತು.

"ಮಾವ ಗೀವ ಅನ್ಬೇಡ. ನನ್ನ ಅಳಿಯ ತರೀಕೆರೆಲಿದಾನೆ ಅಂತ ಗೊತ್ತಾಯ್ತಲ್ಲ. ನಾಳೆ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಹೋಗಿ ಅವನ ಕೈಕಾಲು ಹಿಡಿದು ಕರ್ಕೊಂಡು ಬಾ. ಇಬ್ಬರ ಸಹಿ ಹಾಕಿಸಿ ಕೋರ್ಟಲ್ಲಿ ಅರ್ಜಿ ಹಾಕಿಸು. ಡಿಕ್ರಿ ಬರೋವರೆಗೂ ಅಲೆಯೋನು ನೀನೇ. ಬಂದ ಮೇಲೆ ನಿನ್ನ ವಿಷಯ ಯೋಚನೆ ಮಾಡ್ತೀನಿ."

ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂದು ರೇಣುಕಾಪ್ರಸಾದ ಕೇಳಲಿಲ್ಲ. ತನ್ನದಕ್ಕೆ ವರ್ಷದ ಹತ್ತಿರ ಹಿಡಿದಿತ್ತು, ಅದೂ ಇಬ್ಬರೂ ಒಪ್ಪಿ ಹೋದಾಗ. ಹೊರಡುವಾಗ ಅಮೂಲ್ಯ ಬಾಗಿಲವರೆಗೆ ಬಂದಳು. ಅವಳು ಸಮಾಧಾನದ ಮಾತೇನಾದರೂ ಆಡಬಹುದೆಂದು ಅವನು ಆಸೆಯಿಂದ ತಿರುಗಿದ. "ಗೋಡೆಗೆ ಮೊಳೆ ನಾನು ಹೊಡೆದಿರ್ಲಿಲ್ಲ ರೀ" ಎಂದಷ್ಟೇ ಹೇಳಿ ಅವಳು ಬಾಗಿಲು ಹಾಕಿಕೊಂಡಳು. ಸಿಟ್ಟಿನಲ್ಲಿ ಹೇಳಿದಳೋ ನಗುತ್ತ ಹೇಳಿದಳೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ದಾಕ್ಷಾಯಣಮ್ಮ ನಾಳೆಯ ಶಾಸ್ತ್ರಕ್ಕೆ ವೀಳ್ಯದೆಲೆ ಒರೆಸಿ ಜೋಡಿಸುತ್ತ ಕೂತಿದ್ದರು. ಮಗನ ಮುಖ ನೋಡಿ ಅವರ ಕೈ ನಿಂತಿತು.

"ಡಿಕ್ರಿ ಸಿಗ್ಲಿಲ್ವಾ ಮಗ?"

"ನಂದು ಸಿಕ್ತಮ್ಮ" ಎಂದ ರೇಣುಕಾಪ್ರಸಾದ. "ಈಗ ಅವಳದು ಹುಡುಕಬೇಕು."